ಮುಖವೆಲ್ಲ ಮುಚ್ಚುವ ಕವಚ

ಮುದಗಲ್ಲಿನ ಕೋಟೆಯನ್ನು ಕಂಡವರಿಗೆ ಮುಖಕವಚವೆಂದೊಡನೆ ಯುದ್ಧವೇ ನೆನಪಾಗುವುದು ಸಹಜ. ಅದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ, 1947ರಲ್ಲಿ ಸ್ಥಾಪಿತವಾದ ಕಂಪೆನಿಯ ಚಿನ್ನದ ಗಣಿಯಿದೆ. ಗಣಿಗಳೊಳಗಿನ ಶತ್ರುವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನೆಲದಾಳದಲ್ಲಿ ಬೆಂಕಿ ಹೊತ್ತಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಗಾಳಿಯನ್ನು ಸೋಸುವ ಮುಖವಾಡ ಅಲ್ಲಿ ಸಾಲದು; ಆಮ್ಲಜನಕವೇ ಕಡಿಮೆಯಾದೆಡೆಯಲ್ಲಿ ಸೋಸಿ ಪಡೆಯುವುದಾದರೂ ಏನನ್ನು? ಆದುದರಿಂದ ರಕ್ಷಣಾದಳದವರು ಉಸಿರನ್ನೇ ಬೆನ್ನ ಮೇಲೆ ಹೊತ್ತು ಇಳಿಯುತ್ತಾರೆ. ಒಡನಾಡಿಯನ್ನು ಹೊರತರಹೋದವನೇ ಕುಸಿದರೆ ಹೊರಬೇಕಾದವರು ಇಬ್ಬರಾಗುತ್ತಾರೆ. ಕವಚದ ಅಂಚು ಚರ್ಮಕ್ಕೆ ಬಿಗಿಯಾಗಿ ಒತ್ತಿರಬೇಕು. ಕೂದಲು ಅಡ್ಡಬಂದ ಸಂದಿನಲ್ಲಿ ವಿಷ ಒಳನುಸುಳೀತು. ಎಷ್ಟೇ ಅಕ್ಕರೆಯಿಂದ ಬೆಳೆಸಿದ ಗಡ್ಡವಾದರೂ ಸರಿಯೆ, ಗಣಿಗಿಳಿಯುವ ಮೊದಲು ಕ್ಷೌರಿಕನಿಗೆ ಒಪ್ಪಿಸಬೇಕು!