ಗಾಯ ಮಾಯಿಸುವ ಕೋಶಗಳು ಮತ್ತು ಗಡಸಾಗುವ ಶ್ವಾಸಕೋಶ

ಮಳೆಗಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ತಂಬಾಕು ಬ್ಯಾರನ್‌ಗಳು ಹಗಲಿರುಳೂ ಉರಿಯುತ್ತವೆ. ಕಬ್ಬಿಣದ ಕೊಳವೆಗಳಲ್ಲಿ ಹರಿಯುವ ಬಿಸಿಯಷ್ಟೇ ವರ್ಜೀನಿಯಾ ಸೊಪ್ಪನ್ನು ಹದ ಮಾಡುತ್ತದೆ. ಸೊಪ್ಪಿಗೆ ಹೊಗೆ ತಾಗಬಾರದು. ಒಲೆಗೆ ಸೌದೆ ಹಾಕುವವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ಸೌದೆ ಹೊಗೆಯ ಕಣಗಳಲ್ಲಿ ಹೆಚ್ಚಿನವು 1 ಮೈಕ್ರೊಮೀಟರಿಗಿಂತ ಚಿಕ್ಕವು. ಆದ್ದರಿಂದ ಅವು ವಾಯುಕೋಶಗಳವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶ ಕಣವನ್ನು ನುಂಗುತ್ತದೆ. ಅಂಗಾಂಶಕ್ಕೆ ಗಾಯವಾಗಿದ್ದರೆ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಈ ಸಂಕೇತ ಸಿಕ್ಕೊಡನೆ ಫೈಬ್ರೊಬ್ಲಾಸ್ಟ್ ಕೋಶಗಳು ಕೊಲಾಜನ್ ನಾರು ನೇಯತೊಡಗುತ್ತವೆ. ಮೊಣಕಾಲಿನ ತರಚುಗಾಯ ಮಾಯುವುದೂ ಹೀಗೆಯೇ. ಹೆಚ್ಚಾದ ನಾರನ್ನು ಕರಗಿಸುವುದರಲ್ಲೂ ಮ್ಯಾಕ್ರೊಫೇಜ್‌ಗಳ ಪಾತ್ರವಿದೆ. ಗಾಯ ಮರುಕಳಿಸುತ್ತಲೇ ಇದ್ದರೆ ನೇಯ್ಗೆ ನಿಲ್ಲದೆ ಹೋಗಬಹುದು. ಅದೇ ಫೈಬ್ರೋಸಿಸ್.

ಹೊಗೆಯಿಂದ ಹೆಚ್ಚಾಗಿ ಬರುವ ಕಾಯಿಲೆ ಸಿಒಪಿಡಿ ಎಂಬುದು ನಿಜ. ಆದರೆ ಧೂಮಪಾನಿಗಳಲ್ಲಿ ಫೈಬ್ರೋಸಿಸ್ ಸಂಭವವೂ ಹೆಚ್ಚು. ತೇವದಲ್ಲಿಟ್ಟ ಸೊಪ್ಪಿನ ಬೂಷ್ಟು ಬೇರೊಂದು ದಾರಿ: ಅದರ ವಿರುದ್ಧ ಟಿ-ಲಿಂಫೋಸೈಟ್ ಕೋಶಗಳು ಕೆರಳಿ, ಅತಿಸಂವೇದನೆಯ ಉರಿಯೂತ ಹುಟ್ಟಿ, ಕೊನೆಗೆ ಕಲೆ ಕಟ್ಟಬಹುದು. 2017ರಲ್ಲಿ ಪ್ರಕಟವಾದ ಭಾರತೀಯ ನೋಂದಣಿಯೊಂದರಲ್ಲಿ ಈ ಬಗೆಯ 1,084 ಶ್ವಾಸಕೋಶ ರೋಗಿಗಳ ಪೈಕಿ ಶೇ. 47.3 ಮಂದಿಗೆ ಇದ್ದದ್ದು ಇಂಥ ಅತಿಸಂವೇದನೆಯ ಉರಿಯೂತವೇ. ಬೂಷ್ಟು, ಪಾರಿವಾಳದ ಹಿಕ್ಕೆ ಮೊದಲಾದವು ಇದಕ್ಕೆ ಕಾರಣವಾಗಬಲ್ಲವು.

ಇನ್ನು ಭೌತವಿಜ್ಞಾನದ ಮಾತು. ಆರೋಗ್ಯವಂತ ಶ್ವಾಸಕೋಶದ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 2 ಕಿಲೋಪಾಸ್ಕಲ್. ಕಲೆಗಟ್ಟಿದ ಭಾಗದಲ್ಲಿ ಅದು ಇದರ ಹಲವು ಪಟ್ಟು. ಟಿಜಿಎಫ್-ಬೀಟಾದ ದೊಡ್ಡ ದಾಸ್ತಾನು ನಾರುಗಳ ನಡುವೆ ಪೊಟ್ಟಣ ಕಟ್ಟಿದಂತೆ ನಿಷ್ಕ್ರಿಯವಾಗಿರುತ್ತದೆ. ಕೋಶ ಎಳೆದಾಗ ಮೆತ್ತನೆಯ ಅಂಗಾಂಶ ಜೊತೆಗೇ ಬಾಗುತ್ತದೆ. ಗಡಸು ಅಂಗಾಂಶ ಬಾಗದೆ ಪೊಟ್ಟಣ ಬಿಚ್ಚಿಕೊಳ್ಳುತ್ತದೆ. ಗಡಸುತನ ಸಂಕೇತವನ್ನು ಬಿಡಿಸುತ್ತದೆ, ಸಂಕೇತ ಗಡಸುತನವನ್ನು ಬೆಳೆಸುತ್ತದೆ. ಮೈಕು ಸ್ಪೀಕರಿನ ಮುಂದೆ ಬಂದಾಗ ಏಳುವ ಕೂಗಿನಂತೆ! ಹೊಗೆ ನಿಂತ ಮೇಲೂ ಕಲೆ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ರೋಗ ತಡವಾಗಿ ಗೊತ್ತಾಗುವುದೇಕೆ? ವಿಶ್ರಾಂತಿಯಲ್ಲಿ ರಕ್ತ ವಾಯುಕೋಶದ ಲೋಮನಾಳದಲ್ಲಿ ಸುಮಾರು 0.75 ಸೆಕೆಂಡ್ ಇರುತ್ತದೆ; ಆಮ್ಲಜನಕ ತುಂಬಿಕೊಳ್ಳಲು 0.25 ಸೆಕೆಂಡ್ ಸಾಕು. ಗೋಡೆ ದಪ್ಪವಾದರೂ ಉಳಿದ ಕಾಲ ಕೊರತೆಯನ್ನು ಮರೆಸುತ್ತದೆ. ದಿಬ್ಬ ಹತ್ತುವಾಗ ರಕ್ತ ಬೇಗ ಹರಿದು ಆ ಬಿಡುವು ಇಲ್ಲವಾಗುತ್ತದೆ, ಏದುಸಿರು ಬರುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ಎಷ್ಟೋ ಬಾರಿ ಕ್ಷಯವೆಂದು ತಿಳಿದು ಚಿಕಿತ್ಸೆ ಕೊಡುವುದೂ ಉಂಟು.

ಪಿರ್ಫೆನಿಡೋನ್, ನಿಂಟೆಡಾನಿಬ್ ಔಷಧಿಗಳು ಕಲೆಯ ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ, ಆದ ಕಲೆಯನ್ನು ಅಳಿಸಲಾರವು. ಒಣಕೆಮ್ಮು ವಾರಗಟ್ಟಲೆ ಬಿಡದೆ, ಕಫ ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದರೆ, ಎದೆಯ ಎಚ್‌ಆರ್‌ಸಿಟಿ ಬೇಕೇ ಎಂದು ವೈದ್ಯರನ್ನು ಕೇಳಬೇಕು.