ಜಠರವಿಲ್ಲದ ಕುದುರೆಗೆ ಜೀವಂತ ಮೇವು

ಕುಬ್ಜ ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ನುಂಗಿದ್ದು ನೇರ ಕರುಳಿಗಿಳಿದು ಬೇಗನೆ ಸಾಗಿಹೋಗುತ್ತದೆ, ಕೂಡಿಟ್ಟುಕೊಳ್ಳಲು ಒಳಗೆ ಜಾಗವಿಲ್ಲ. ಹಾಗಾಗಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಈ ಮೀನು ಹಗಲೆಲ್ಲ ತಿನ್ನುತ್ತಲೇ ಇರಬೇಕು. ಇದನ್ನು ಮನೆಯ ಅಕ್ವೇರಿಯಂನಲ್ಲಿ ಸಾಕುವವರ ದುಡಿಮೆಯ ಬಹುಪಾಲು ಮೇವು ಬೆಳೆಸುವುದಕ್ಕೇ ಸಲ್ಲುತ್ತದೆ.

ಹಿಪ್ಪೊಕ್ಯಾಂಪಸ್ ಜೊಸ್ಟೆರೆ ಎಂಬ ಈ ಪ್ರಭೇದದ ತವರು ಫ್ಲಾರಿಡಾ, ಬಹಾಮಾಸ್ ಮತ್ತು ಮೆಕ್ಸಿಕೊ ಕೊಲ್ಲಿಯ ಕಡಲಹುಲ್ಲಿನ ಬಯಲು. ಈಜುವುದರಲ್ಲಿ ಇದು ಮೀನುಗಳಲ್ಲೇ ಅತಿ ನಿಧಾನಿ. ಆದರೆ ಬೇಟೆಯ ವೇಗವೇ ಬೇರೆ. ಬಾಲದಿಂದ ಹುಲ್ಲಿನೆಸಳು ಹಿಡಿದು ಕಾಯುತ್ತದೆ. ಕೋಪೆಪಾಡ್ ಎಂಬ ಪುಟಾಣಿ ಜೀವಿ ಹತ್ತಿರ ಸುಳಿದೊಡನೆ ತಲೆ ಚಿಮ್ಮಿಸಿ, ಕೊಳವೆಯಂಥ ಮೂತಿಯನ್ನು ಒಂದು ಮಿಲಿಸೆಕೆಂಡಿನೊಳಗೆ ಅದರತ್ತ ಒಯ್ದು ಹೀರಿಬಿಡುತ್ತದೆ. ನೀರಿನ ಸಣ್ಣ ಅಲುಗಾಟಕ್ಕೂ ಜಿಗಿದು ಪಾರಾಗುವ ಜೀವಿ ಕೋಪೆಪಾಡ್. ಕಡಲಕುದುರೆಯ ತಲೆಯ ಆಕಾರವೇ ಮೂತಿಯ ತುದಿಯಲ್ಲಿ ನೀರು ಕದಡದಂತೆ ನೋಡಿಕೊಳ್ಳುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಶ್ಚಲ ನೀರಿನಲ್ಲಿ ಅದರ ಬೇಟೆ ನೂರಕ್ಕೆ 90ರಷ್ಟು ಸಫಲ.

ಹೀಗೆ ಚಲಿಸುವ ಬೇಟೆಗೆ ಒಗ್ಗಿದ ಮೀನು ತಳದಲ್ಲಿ ಬಿದ್ದ ಒಣ ಆಹಾರವನ್ನು ಮೂಸಿಯೂ ನೋಡದು. ಅದಕ್ಕೇ ಸಾಕುವವರು ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮೊರೆಹೋಗುತ್ತಾರೆ. ಇದರ ಒಣಮೊಟ್ಟೆಗಳು ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಸುಮಾರು 28 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರಿಗೆ ಹಾಕಿ, ಬೆಳಕು ಕೊಟ್ಟು, ಗಾಳಿ ಊದುತ್ತಿದ್ದರೆ 24 ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ.

ಇಲ್ಲಿಂದ ಮುಂದೆ ಲೆಕ್ಕವೆಲ್ಲ ಸಮಯದ್ದು. ಆಗಷ್ಟೇ ಹೊರಬಂದ ಮರಿಯ ಒಡಲಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಅದೇ ಕಡಲಕುದುರೆಗೆ ಪುಷ್ಟಿ. ಗಂಟೆಗಳು ಕಳೆದಂತೆ ಹಳದಿ ಕರಗಿ ಮರಿ ಪೊಳ್ಳಾಗುತ್ತದೆ. ಒಮ್ಮೆ ಪೊರೆ ಕಳಚಿದ ಮೇಲೆ ಅದರ ಬಾಯಿ ತೆರೆಯುತ್ತದೆ. ಆಗ ಒಮೆಗಾ-3 ಕೊಬ್ಬಿನಂಶವಿರುವ ಪೋಷಕದ್ರವವನ್ನು ತಿನ್ನಿಸಿ, ಆ ತುಂಬಿದ ಹೊಟ್ಟೆಯ ಸಮೇತ ಮೀನಿಗೆ ಕೊಡಬೇಕು. ಕೋಪೆಪಾಡ್‌ಗಳಲ್ಲಿ ಸಹಜವಾಗಿಯೇ ಹೇರಳವಾಗಿರುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಆರ್ಟೀಮಿಯಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ತೊಟ್ಟಿ ಚಿಕ್ಕದಿದ್ದರೇ ಒಳ್ಳೆಯದು. ದೊಡ್ಡದಾದರೆ ಮೇವು ಚದುರಿ ಮೀನಿಗೆ ಎಟುಕುವುದಿಲ್ಲ. ಇನ್ನೊಂದು ಅಪಾಯ ಹೈಡ್ರಾಯ್ಡ್‌ಗಳದ್ದು. ಅದೇ ಮೇವು ತಿಂದು ಹೆಚ್ಚುವ ಈ ಕುಟುಕುಜೀವಿಗಳು ಎಳೆಯ ಕಡಲಕುದುರೆಗಳನ್ನು ಕೊಲ್ಲುತ್ತವೆ. ಇವು ಮೇವಿನೊಡನೆ ತೊಟ್ಟಿ ಸೇರದಿರಲೆಂದು ಬಲ್ಲವರು ಆರ್ಟೀಮಿಯಾ ಮೊಟ್ಟೆಯ ಚಿಪ್ಪನ್ನು ಬ್ಲೀಚಿನಲ್ಲಿ ಕರಗಿಸಿ, ಚೆನ್ನಾಗಿ ತೊಳೆದೇ ಬಳಸುತ್ತಾರೆ.

ತಂದೆಯ ಚೀಲದಿಂದ ಹೊರಬಿದ್ದ ಕಡಲಕುದುರೆ ಮರಿಗಳೂ ಮೊದಲ ದಿನದಿಂದಲೇ ಈ ಮೇವನ್ನು ತಿನ್ನಬಲ್ಲವು. ಹಾಗಾಗಿ ಇವು ಮನೆಯಲ್ಲೇ ಸಂತಾನ ಬೆಳೆಸುತ್ತವೆ, ಕಡಲಿನಿಂದ ಹಿಡಿದು ತರುವ ಅಗತ್ಯವಿಲ್ಲ. ನಮ್ಮ ಕರಾವಳಿಯ ಕಡಲಕುದುರೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅವನ್ನು ಹಿಡಿಯುವುದೇ ಅಪರಾಧ. ಸಾಕಲು ಅವಕಾಶವಿರುವ ನಾಡುಗಳಲ್ಲಿಯೂ ಮೀನು ಮನೆಗೆ ಬರುವ ಮೊದಲೇ ಮೇವಿನ ಬಾಟಲಿಯಲ್ಲಿ ಆರ್ಟೀಮಿಯಾ ಮರಿಗಳು ಆಡುತ್ತಿರಬೇಕು.