ಬಸುರಿಯ ಸೆರಗಿನಲ್ಲಿ ಮಿಶ್ರಿ ಡಬ್ಬಿ

ಸಂಭಾಜಿನಗರದಿಂದ ಅಜಂತಾ ಗುಹೆ ನೋಡಲು ಹೋದ ನಮ್ಮವರು ಸಿಲ್ಲೋಡ್ ದಾಟಿಯೇ ಹೋಗಿರುತ್ತಾರೆ, ಇಳಿದಿರುವುದಿಲ್ಲ. ಹತ್ತಿ, ಮೆಕ್ಕೆಜೋಳದ ಆ ಊರಿನಲ್ಲಿ ನಾನು ಹಲ್ಲಿನ ಡಾಕ್ಟರ್. ತವರು ವಿಜಯಪುರ ಜಿಲ್ಲೆಯ ಇಂಡಿ.

ಬಂದ ಹೊಸದರಲ್ಲಿ ಬಸುರಿಯರನ್ನು ‘ತಂಬಾಖೂ ಖಾತಾ ಕಾ?’ ಎಂದು ಕೇಳುತ್ತಿದ್ದೆ. ಎಲ್ಲರೂ ಇಲ್ಲವೆನ್ನುತ್ತಿದ್ದರು, ನಾನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಐದು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಊದಿದ ಒಸಡನ್ನು ಹತ್ತಿಯಿಂದ ಒರೆಸಿದರೆ ರಕ್ತದ ಜೊತೆ ಕಪ್ಪು ಬಂತು. ಏನಿದು ಅಂದೆ. ‘ಮಿಶ್ರಿ, ಮ್ಯಾಡಮ್. ತಂಬಾಕಲ್ಲ, ಹಲ್ಲು ತಿಕ್ಕುವ ಪುಡಿ.’ ಬ್ರಶ್ ಹಚ್ಚಿದರೆ ರಕ್ತ ಬರುತ್ತದೆಂದು ಬ್ರಶ್ ಬಿಟ್ಟು, ದಿನಕ್ಕೆ ಐದು ಸಲ ಮಿಶ್ರಿ ಹಚ್ಚುತ್ತಿದ್ದಳು.

ನನಗೆ ನಾಚಿಕೆಯಾಯಿತು. ಹೆಂಚಿನ ಮೇಲೆ ತಂಬಾಕನ್ನು ಕಪ್ಪಗೆ ಹುರಿದು ಪುಡಿ ಮಾಡುವುದನ್ನು ಇಂಡಿಯ ನಮ್ಮ ಮನೆಯಲ್ಲೇ ನೋಡಿ ಬೆಳೆದವಳು ನಾನು. ನಮ್ಮ ಆಯಿಯ ಬೆರಳ ತುದಿ ಸದಾ ಕಪ್ಪಗಿರುತ್ತಿತ್ತು. ಆಕೆಯೂ ಅದನ್ನು ತಂಬಾಕೆಂದು ಒಮ್ಮೆಯೂ ಕರೆಯಲಿಲ್ಲ. ಈಗ ನನ್ನ ಪ್ರಶ್ನೆ ಬದಲಾಗಿದೆ: ‘ದಿನಕ್ಕೆ ಎಷ್ಟು ಸಲ ಮಿಶ್ರಿ ಹಚ್ಚುತ್ತೀರಿ?’ ಉತ್ತರ ತಾನಾಗಿ ಬರುತ್ತದೆ.

ಒಸಡಿಗೆ ಹಚ್ಚಿದ್ದು ಒಸಡಿನಲ್ಲೇ ಉಳಿಯುವುದಿಲ್ಲ. ನಿಕೋಟಿನ್ ರಕ್ತಕ್ಕಿಳಿದು ಕೂಸಿಗೂ ಮುಟ್ಟುತ್ತದೆ. ಮುಂಬೈಯ 1,217 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಅವರಲ್ಲಿ ಹೆಚ್ಚು.

ಇನ್ನು ಆ ರಕ್ತದ ಮಾತು. ಬಸಿರಿನಲ್ಲಿ ಹಾರ್ಮೋನು ಏರುವುದರಿಂದ, ಹಲ್ಲಿನ ಬುಡದಲ್ಲಿ ಕೂತ ಸಣ್ಣ ಕೊಳೆಗೂ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ. ರಕ್ತ ಬಂತೆಂದು ಬ್ರಶ್ ಬಿಟ್ಟರೆ ಕೊಳೆ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಮೆತ್ತನೆಯ ಬ್ರಶ್, ಫ್ಲೋರೈಡ್ ಪೇಸ್ಟ್, ದಿನಕ್ಕೆರಡು ಸಲ, ಇಷ್ಟು ಸಾಕು. ವಾಂತಿಯಾದ ಕೂಡಲೇ ಮಾತ್ರ ತಿಕ್ಕಬೇಡಿ. ಹೊಟ್ಟೆಯ ಆಮ್ಲಕ್ಕೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಒಂದು ತಾಸು ಬಿಟ್ಟು ತಿಕ್ಕಿ. ಕೂಸು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಎಂಬ ಮಾತು ಇಂಡಿಯಲ್ಲೂ ಇದೆ, ಇಲ್ಲೂ ಇದೆ. ಅದು ಸುಳ್ಳು.

‘ಹಡೆದ ಮೇಲೆ ನೋಡೋಣ’ ಎಂಬ ಮಾತಿನ ಜೊತೆಗೇ ನನ್ನ ದೊಡ್ಡ ಜಗಳ. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲದ ಕಾಲ. ಆದರೆ ಸೊಸೆ ಆಗ ಅತ್ತೆಮನೆಯಲ್ಲಿರುತ್ತಾಳೆ, ಹಲ್ಲುನೋವೆಂದು ಹೊಲದ ಕೆಲಸ ಬಿಟ್ಟು ಬರಲು ಬಾಯಿಲ್ಲ. ಏಳನೇ ತಿಂಗಳಿಗೆ ‘ಡೋಹಾಳೆ ಜೇವಣ’, ಅಂದರೆ ನಮ್ಮ ಕುಬಸ, ಮುಗಿಸಿ ತವರಿಗೆ ಹೋಗುತ್ತಾಳೆ. ಅರ್ಧ ಮಾಡಿದ ಹಲ್ಲು ಅರ್ಧಕ್ಕೇ ನಿಲ್ಲುತ್ತದೆ. ಹಡೆದ ಮೇಲಂತೂ ಯಾರಿಗೆ ಪುರುಸೊತ್ತು? ಹಾಗೆಂದು ನೋವು, ಕೀವು ಇದ್ದರೆ ತಿಂಗಳು ಎಣಿಸುತ್ತ ಕೂರಬಾರದು. ಮರಗಟ್ಟಿಸುವ ಲಿಡೋಕೇನ್ ಇಂಜೆಕ್ಷನ್ ಬಸುರಿಯರಿಗೂ ಕೊಡಬಹುದು, ಅಗತ್ಯವಿದ್ದರೆ ಎಕ್ಸ್‌ರೇ ಕೂಡ ತೆಗೆಯಬಹುದು. ಅಂಗಡಿಯಿಂದ ತಂದ ನೋವಿನ ಗುಳಿಗೆ ಮಾತ್ರ ಕೇಳದೆ ನುಂಗಬಾರದು.

ಒಸಡಿನ ಚಿಕಿತ್ಸೆ ಮಾಡಿಸಿದರೆ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 823 ಬಸುರಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಒಸಡು ಸುಧಾರಿಸಿತು, ತಾಯಿಗೂ ಕೂಸಿಗೂ ತೊಂದರೆಯಾಗಲಿಲ್ಲ. ಹೆದರುವ ಅತ್ತೆಯಂದಿರಿಗೆ ಹೇಳಲು ನನಗೆ ಅಷ್ಟು ಸಾಕು.

ಆ ಹುಡುಗಿಯ ಹಲ್ಲು ಎರಡು ಸಲಕ್ಕೆ ಕ್ಲೀನ್ ಮಾಡಿದೆ. ಮೂರನೇ ಸಲ ಬಂದಾಗ ಒಸಡು ತಿಳಿಗೆಂಪಾಗಿತ್ತು. ಮಿಶ್ರಿ ಎಷ್ಟಕ್ಕೆ ಇಳಿಯಿತು ಅಂದರೆ, ಒಂದು ಬೆರಳೆತ್ತಿ ತೋರಿಸಿ ತಲೆ ತಗ್ಗಿಸಿದಳು. ಬಾಗಿಲ ಬಳಿ ಕೂತಿದ್ದ ಅತ್ತೆ ಸೊಂಟದಿಂದ ತನ್ನ ಡಬ್ಬಿ ತೆಗೆದು, ‘ನಾನೇನು ಬಸುರಿಯಲ್ಲವಲ್ಲ ಮ್ಯಾಡಮ್, ನಾನು ಹಚ್ಚಬಹುದಲ್ಲ?’ ಎಂದು ಕೇಳಿದರು.

ಕುರ್ಚಿ ತೋರಿಸಿ, ಮೊದಲು ಬಾಯಿ ತೆಗೆಯಿರಿ ಅಂದೆ.